ನೆರೈದಾಳ ಪಾರ್ಲರಿನ ಕರೆಂಟು

ನಮ್ಮ ಬೀದಿಯಲ್ಲಿ ಯಾವ ಹೆಂಗಸಿನ ಕೂದಲು ಎಷ್ಟು ದಟ್ಟ ಎಂದು ತಿಳಿಯಬೇಕಾದರೆ ಅವಳ ತಲೆ ನೋಡಬೇಕಾಗಿಲ್ಲ. ಅವಳು ಶನಿವಾರ ಎಷ್ಟು ಹೊತ್ತಿಗೆ ನೆರೈದಾಳ ಪಾರ್ಲರಿಗೆ ಹೋಗುತ್ತಾಳೆ ಎಂದು ನೋಡಿದರೆ ಸಾಕು. ಸೂರ್ಯ ನೆತ್ತಿಯ ಮೇಲೆ ಬಂದಾಗ ಹೋಗುವವರು ದಟ್ಟ ಕೂದಲಿನವರು. ಬೆಳಿಗ್ಗೆ ಒಂಬತ್ತಕ್ಕೋ ಸಂಜೆ ನಾಲ್ಕಕ್ಕೋ ಹೋಗುವವರು ಇರುವ ನಾಲ್ಕು ಎಳೆಯನ್ನೇ ಜೋಪಾನ ಮಾಡಿಕೊಂಡವರು. ಹೀಗೆ ಹೊತ್ತು ಗೊತ್ತು ಮಾಡಿದವಳು ನೆರೈದಾ. ಇದರಿಂದ ಎಷ್ಟು ಜನ ಮುಖ ಊದಿಸಿಕೊಂಡರು, ಎಷ್ಟು ಜನ ಒಂದು ತಿಂಗಳು ಬೇರೆ ಪಾರ್ಲರಿಗೆ ಹೋಗಿ ಮತ್ತೆ ಸದ್ದಿಲ್ಲದೆ ವಾಪಸು ಬಂದರು ಎಂಬುದೆಲ್ಲ ನನಗೆ ಗೊತ್ತು. ಹದಿನೆಂಟು ವರ್ಷದಿಂದ ಆ ಪಾರ್ಲರಿನಲ್ಲಿ ತಲೆ ತೊಳೆಯುವವಳು ನಾನೇ. ನನ್ನ ಹೆಸರು ಫಿಯೋರ್.

ನಮ್ಮ ಬನಿ ಊರಿನಲ್ಲಿ ಬಿಸಿಲಿಗೆ ಬರವಿಲ್ಲ, ಕರೆಂಟಿಗೆ ಇದೆ. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೊಡುವವರಿಗೇ ಗೊತ್ತಿಲ್ಲ. ಇತ್ತ ನಮ್ಮ ದೊಮಿನಿಕನ್ ಹೆಂಗಸರ ಹಟ ಏನೆಂದರೆ, ಮನೆಯಲ್ಲಿ ಅಕ್ಕಿ ಮುಗಿದಿದ್ದರೂ ಭಾನುವಾರ ತಲೆ ಮಾತ್ರ ನುಣ್ಣಗಿರಬೇಕು. ಅದಕ್ಕೆ ಶನಿವಾರ ತಲೆ ತೊಳೆಸಿ, ಹಿಡಿಗಾತ್ರದ ರೋಲರುಗಳಿಗೆ ಕೂದಲು ಸುತ್ತಿಸಿಕೊಂಡು, ಕೊಡದ ಹಾಗೆ ತಲೆಯ ಮೇಲೆ ಕವುಚಿಕೊಳ್ಳುವ ದೊಡ್ಡ ಡ್ರೈಯರಿನ ಕೆಳಗೆ ಮುಕ್ಕಾಲು ಗಂಟೆ ಬೇಯುತ್ತಾರೆ. ಆ ಡ್ರೈಯರ್ ಒಂದೇ ಎಳೆಯುವ ಕರೆಂಟಿನಲ್ಲಿ ಇಡೀ ಮನೆಯ ದೀಪ, ಫ್ಯಾನು ಎಲ್ಲ ನಡೆಸಬಹುದು. ನೆರೈದಾಳ ಹತ್ತಿರ ಅಂಥವು ಮೂರು ಇದ್ದವು. ಅವಳ ತಲೆ ಮಾತ್ರ ಗಂಡಸರ ಹಾಗೆ ಗಿಡ್ಡ ಕ್ರಾಪು. ಯಾಕೆ ಎಂದು ಗಿರಾಕಿಗಳು ಕೇಳಿದರೆ, "ಇದು ಕರೆಂಟ್ ಬೇಡದ ತಲೆ ಕಣ್ರೀ, ನಿಮಗೆ ಹೇಳಿದ್ದಲ್ಲ" ಎಂದು ನಗುತ್ತಿದ್ದಳು.

ಮುಂದಿನ ಕೋಣೆ ಪಾರ್ಲರು, ಹಿಂದಿನದು ಮನೆ. ಮನೆಯಲ್ಲಿ ನೆರೈದಾ ಮತ್ತು ಅವಳ ಅಪ್ಪ ದೊನ್ ಎಲಿಹಿಯೊ, ಇಬ್ಬರೇ. ನಮ್ಮ ಕಡೆ ಹಿರಿಯ ಗಂಡಸರನ್ನು ದೊನ್ ಎಂದೂ ಹೆಂಗಸರನ್ನು ದೋನ್ಯಾ ಎಂದೂ ಕರೆಯುವುದು ರೂಢಿ. ದೊನ್ ಎಲಿಹಿಯೊ ನಲವತ್ತು ವರ್ಷ ಸೌದೆ ಒಲೆಯ ಮುಂದೆ ನಿಂತು ಬ್ರೆಡ್ಡು ಬೇಯಿಸಿದವರು. ಊರಿಗೆ ಬ್ರೆಡ್ಡು ಸಿಕ್ಕಿತು, ಅವರ ಎದೆಗೆ ಹೊಗೆ ಸಿಕ್ಕಿತು. ಎಪ್ಪತ್ತು ದಾಟುವ ಹೊತ್ತಿಗೆ ಅಂಗಳದಿಂದ ಬಚ್ಚಲಿಗೆ ನಡೆದರೂ ತುಟಿ ನೀಲಿಯಾಗುತ್ತಿತ್ತು. ಡಾಕ್ಟರು ಒಂದು ಆಕ್ಸಿಜನ್ ಯಂತ್ರ ಬರೆದುಕೊಟ್ಟರು. ಸಣ್ಣ ಪೆಟ್ಟಿಗೆಯಂಥದ್ದು, ಹಾಸಿಗೆಯ ಪಕ್ಕ ಕೂತು ಗುರ್ರೆನ್ನುತ್ತ ನಳಿಕೆಯಲ್ಲಿ ಮೂಗಿಗೆ ಗಾಳಿ ಕೊಡುತ್ತದೆ. ಹಗಲೂ ರಾತ್ರಿ ನಿಲ್ಲಿಸುವ ಹಾಗಿಲ್ಲ. ಅದು ನಡೆಯುವುದು ಕರೆಂಟಿನಿಂದ.

ಯಂತ್ರ ಬಂದ ಮೊದಲ ತಿಂಗಳಲ್ಲೇ ಮೂರು ಸಲ ಅವರನ್ನು ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ್ದಾಯಿತು. ಮೂರನೆಯ ಸಲ ಆಸ್ಪತ್ರೆಯ ಬಾಗಿಲಲ್ಲಿ ನಿಂತುಕೊಂಡು ನೆರೈದಾ ನನಗೆ ಹೇಳಿದಳು, "ಫಿಯೋರ್, ಇನ್ನೊಂದ್ಸಲ ನಾನು ಹಿಂಗೆ ಓಡಲ್ಲ. ಕರೆಂಟ್ ಹೋದ್ರೆ ಹೋಗ್ಲಿ, ನಮ್ಮಪ್ಪನ ಉಸಿರು ಹೋಗಬಾರದು." ಅಳುತ್ತ ಹೇಳಿದ್ದಲ್ಲ. ಅಂಗಡಿಯಲ್ಲಿ ಸಾಮಾನು ಹೇಳಿದ ಹಾಗೆ ಹೇಳಿದಳು. ಅವಳ ರೀತಿಯೇ ಹಾಗೆ. ಏನನ್ನಾದರೂ ನಿಶ್ಚಯ ಮಾಡಿದರೆ ಅದು ಆಗಲೇ ಆಗಿಹೋಗಿದೆ ಎಂಬ ಹಾಗೆ ಮಾತಾಡುತ್ತಾಳೆ. ನನಗೆ ಇದನ್ನು ಕಂಡರೆ ಸಿಟ್ಟೂ ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ತಿಂಗಳು ತಿಂಗಳು ಕಟ್ಟುತ್ತಿದ್ದ ಚೀಟಿಯ ಹಣ ತನ್ನ ಸರದಿಗೆ ಬಂದ ಕೂಡಲೇ ಅವಳು ವಾಸ್ಕರನನ್ನು ಕರೆಸಿದಳು. ವಾಸ್ಕರ್ ನಮ್ಮ ಊರಿನ ಎಲೆಕ್ಟ್ರಿಷಿಯನ್, ಸೌರಫಲಕ ಕೂರಿಸುವುದರಲ್ಲಿ ಪಳಗಿದವನು, ಬೊಜ್ಜು ಹೊಟ್ಟೆಯ, ಸಾವಧಾನದ ಮನುಷ್ಯ. ತಾರಸಿಯ ಮೇಲೆ ಎಂಟು ಫಲಕ, ನಡುಮನೆಯ ಗೋಡೆಗೆ ಇನ್ವರ್ಟರ್, ಅದರ ಕೆಳಗೆ ಬ್ಯಾಟರಿ. ಕೆಲಸ ಮುಗಿಯುವ ಹೊತ್ತಿಗೆ ನೆರೈದಾ ಹೇಳಿದಳು, "ಪಾರ್ಲರಿನ ಲೈನನ್ನೂ ಇದಕ್ಕೇ ಸೇರಿಸು."

ವಾಸ್ಕರ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಕ್ಕಾ, ಅಪ್ಪನ ಯಂತ್ರಕ್ಕೆ ಬೇರೆ, ಪಾರ್ಲರಿಗೆ ಬೇರೆ ಇಡೋಣ. ಎರಡನ್ನೂ ಒಂದಕ್ಕೇ ಕಟ್ಟಿದ್ರೆ ಒಂದಿನ ತೊಂದರೆ ಕಟ್ಟಿಟ್ಟ ಬುತ್ತಿ."

"ಒಂದಿನ ಅಂದ್ರೆ ಯಾವತ್ತು?"

"ಅದು ಗೊತ್ತಿದ್ದಿದ್ರೆ ನಾನು ಲಾಟರಿ ಟಿಕೆಟ್ ತಗೊಳ್ತಿದ್ದೆ."

"ಹಂಗಾದ್ರೆ ಸೇರಿಸು. ಕಾಯೋಕೆ ನಾನಿಲ್ವಾ?"

ಅವನು ಸೇರಿಸಿದ. ಪಾರ್ಲರಿನ ಲೈನಿಗೆ ಒಂದು ದಪ್ಪ ಸ್ವಿಚ್ಚು ಹಾಕಿ, "ಇದನ್ನ ಕೆಳಗಿಳಿಸಿದ್ರೆ ಪಾರ್ಲರು ಬಂದ್, ಅಪ್ಪಂದು ಮಾತ್ರ ನಡೀತದೆ. ಮೋಡ ಮುಚ್ಚಿದ್ರೆ ಮೊದಲು ಇದನ್ನ ಇಳ್ಸು" ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಹೋದಾಗ ನೆರೈದಾ ಅವನ ಕೈಗೆ ಕಾಫಿ ಕೊಟ್ಟು ಬಾಯಿ ಮುಚ್ಚಿಸಿದಳು.

ಅಲ್ಲಿಂದ ಮುಂದೆ ಅವಳು ಲೋಕವನ್ನೆಲ್ಲ ಅಪ್ಪನ ಉಸಿರಿನಲ್ಲಿ ಅಳೆಯತೊಡಗಿದಳು. ಒಂದು ಗಂಟೆ ಇಸ್ತ್ರಿ ಹಾಕಿದರೆ ಅಪ್ಪನ ಮೂರು ಗಂಟೆ ಹೋಯಿತು. ಒಂದು ದಟ್ಟ ತಲೆ ಒಣಗಿಸಿದರೆ ಅಪ್ಪನ ಎರಡೂವರೆ ಗಂಟೆ. ಮಧ್ಯಾಹ್ನ ಬಿಸಿಲು ಚೆನ್ನಾಗಿ ಕಾದಿರುವಾಗ ಒಣಗಿಸಿದರೆ ಬ್ಯಾಟರಿಗೆ ಕೈ ಹಾಕುವುದೇ ಬೇಡ, ಫಲಕಗಳಿಂದ ಇಳಿದದ್ದು ಹಾಗೇ ಡ್ರೈಯರಿಗೆ ಹೋಗುತ್ತದೆ. ಹೀಗಾಗಿ ದಟ್ಟ ಕೂದಲಿನವರಿಗೆ ಮಧ್ಯಾಹ್ನ, ತೆಳು ಕೂದಲಿನವರಿಗೆ ಉಳಿದ ಹೊತ್ತು. ಮೂಲೆಮನೆಯ ದೋನ್ಯಾ ಸುನಿಲ್ದಾಗೆ ಸಂಜೆ ನಾಲ್ಕು ಗಂಟೆ ಎಂದಾಗ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾಲ್ಕಕ್ಕಾ? ನನಗಾ? ಹುಡುಗಿಯಾಗಿದ್ದಾಗ ನನ್ನ ಜಡೆ ನೋಡೋಕೆ ಅಂತಲೇ ಗಂಡುಗಳು ಇಗರ್ಜಿಗೆ ಬರ್ತಿದ್ರು ಗೊತ್ತಾ?"

"ಗೊತ್ತು ದೋನ್ಯಾ. ಆಗ ಬಂದಿದ್ರೆ ನಾನು ಹನ್ನೆರಡು ಗಂಟೆಗೇ ಬರೆದುಕೊಳ್ತಿದ್ದೆ" ಎಂದಳು ನೆರೈದಾ. ಪಾರ್ಲರಿಗೆ ಪಾರ್ಲರೇ ಬಿದ್ದು ಬಿದ್ದು ನಕ್ಕಿತು. ಸುನಿಲ್ದಾಳ ಗಂಟಲು ದೊಡ್ಡದು, ಮನಸ್ಸೂ ದೊಡ್ಡದು. ಬೈದುಕೊಂಡೇ ನಾಲ್ಕಕ್ಕೆ ಬಂದಳು.

ಮನೆಯನ್ನೂ ಅವಳು ಹಡಗಿನ ಹಾಗೆ ಸಜ್ಜು ಮಾಡಿಟ್ಟಿದ್ದಳು. ಪ್ರತಿ ಬಾಗಿಲ ಪಕ್ಕ ಒಂದು ಟಾರ್ಚು. ಫ್ರೀಜರಿನಲ್ಲಿ ಖಾಲಿ ಜಾಗ ಬಿಡದೆ ನೀರು ತುಂಬಿಸಿ ಮಂಜುಗಡ್ಡೆ ಮಾಡಿಟ್ಟ ಬಾಟಲಿಗಳು, ಕರೆಂಟ್ ಹೋದರೆ ಎರಡು ದಿನ ತಂಪು ಹಿಡಿದಿರಲಿ ಎಂದು. ಅಪ್ಪನ ತಲೆದಿಂಬಿನ ಬಳಿ ಒಂದು ಆಕ್ಸಿಜನ್ ಸಿಲಿಂಡರು, ಅದರ ಕತ್ತಿಗೇ ದಾರದಲ್ಲಿ ಕಟ್ಟಿದ ಕೀಲಿ. ತಿಂಗಳಿಗೊಂದು ಭಾನುವಾರ ಯಾರಿಗೂ ಹೇಳದೆ ಮೇನ್ ಸ್ವಿಚ್ಚು ಇಳಿಸಿಬಿಡುವಳು. ಯಂತ್ರ ನಿಂತು, ಸಿಲಿಂಡರು ತೆರೆದು, ನಳಿಕೆ ಬದಲಾಯಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡುವಳು. ಮೊದಲ ಸಲ ನಾಲ್ಕು ನಿಮಿಷ, ಕೊನೆಗೆ ನಲವತ್ತು ಸೆಕೆಂಡು.

"ನನ್ನ ಸಾಯ್ಸೋದಕ್ಕೆ ತಾಲೀಮು ನಡೆಸಿದ್ದಾಳೆ ನೋಡಮ್ಮಾ" ಎಂದು ದೊನ್ ಎಲಿಹಿಯೊ ನನ್ನ ಹತ್ತಿರ ದೂರು ಹೇಳುವರು.

"ಸುಮ್ನಿರಪ್ಪಾ, ನೀನು ಸಾಯೋ ಪೈಕಿ ಅಲ್ಲ" ಎನ್ನುವಳು ಮಗಳು, ಗಡಿಯಾರದಿಂದ ಕಣ್ಣು ತೆಗೆಯದೆ.

ಎರಡು ವರ್ಷ ಒಂದು ತಪ್ಪೂ ಆಗಲಿಲ್ಲ. ಬೀದಿಯೆಲ್ಲ ಕತ್ತಲಾದಾಗ ನಮ್ಮ ಪಾರ್ಲರಿನ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಬೇರೆ ಬಡಾವಣೆಯವರೂ ಬರತೊಡಗಿದರು. ಆಗಲೇ ನೆರೈದಾ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಬೋರ್ಡು ಬರೆಸಿದಳು: "ಇಲ್ಲಿ ಕರೆಂಟ್ ಹೋಗುವುದಿಲ್ಲ". ನನಗೇನೋ ಅದು ಅತಿಯಾಯಿತು ಅನ್ನಿಸಿತು. ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದಳೇ?

ಮೇ ತಿಂಗಳು, ತಾಯಂದಿರ ದಿನಕ್ಕೆ ನಾಲ್ಕು ದಿನ ಮುಂಚೆ, ಮೂಲೆಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಢಂ ಎಂದು ಸಿಡಿದು ಎಣ್ಣೆ ಸುರಿಸಿಕೊಂಡು ಕೂತಿತು. ಹೊಸದು ಬರಲು ವಾರವಾದರೂ ಬೇಕೆಂದರು. ಬೀದಿ ಪೂರ್ತಿ ಕತ್ತಲು. ನೆರೈದಾಳ ಮನೆ ಮಾತ್ರ ಎಂದಿನಂತೆ ನಡೆಯಿತು. ಬುಧವಾರ, ಗುರುವಾರ, ಶುಕ್ರವಾರ ಹಗಲು ತುಂಬಿದ ಬ್ಯಾಟರಿ ರಾತ್ರಿಯೆಲ್ಲ ಯಂತ್ರ ನಡೆಸಿತು. ಬೆಳಿಗ್ಗೆ ನೋಡಿದರೆ ಇನ್ನೂ ಅರ್ಧ ಉಳಿದಿರುತ್ತಿತ್ತು. ಅವಳು ಎದೆ ಉಬ್ಬಿಸಿಕೊಂಡು ಓಡಾಡಿದಳು, ನಾನೂ ಓಡಾಡಿದೆ. ಎಲ್ಲರ ಫೋನುಗಳೂ ನಮ್ಮ ಪಾರ್ಲರಿನ ಗೋಡೆಯ ಪ್ಲಗ್ಗುಗಳಲ್ಲೇ ಚಾರ್ಜ್ ಆದವು.

ಶನಿವಾರ ಬಂತು. ತಾಯಂದಿರ ದಿನದ ಹಿಂದಿನ ದಿನ ಅಂದರೆ ನಮ್ಮ ಕಡೆ ವರ್ಷದಲ್ಲೇ ದೊಡ್ಡ ತಲೆ ತೊಳೆಯುವ ದಿನ. ಸುತ್ತಲಿನ ಪಾರ್ಲರುಗಳೆಲ್ಲ ಬಾಗಿಲು ಹಾಕಿದ್ದರಿಂದ ಜಾತ್ರೆಯ ಹಾಗೆ ಜನ ನಮ್ಮಲ್ಲಿಗೇ ನುಗ್ಗಿತು. ನಾನು ಬೆಳಗಿನಿಂದ ತೊಳೆದದ್ದೇ ತೊಳೆದದ್ದು, ಬೆರಳುಗಳೆಲ್ಲ ನೆನೆದು ಸುಕ್ಕಾದವು. ಮಧ್ಯಾಹ್ನ ಎರಡೂವರೆಗೆ ಸಮುದ್ರದ ಕಡೆಯಿಂದ ಮೋಡ ಎದ್ದು ಬಿಸಿಲನ್ನು ಮುಚ್ಚಿತು. ನೆರೈದಾ ಬ್ಯಾಟರಿ ನೋಡಿದಳು, ಬಂದು ದಪ್ಪ ಸ್ವಿಚ್ಚು ಇಳಿಸಿದಳು. ಡ್ರೈಯರುಗಳು ನಿಂತವು, ಫ್ಯಾನು ನಿಂತಿತು, ದೀಪ ಆರಿತು. ಹಿಂದಿನ ಕೋಣೆಯಲ್ಲಿ ದೊನ್ ಎಲಿಹಿಯೊ ಅವರ ಯಂತ್ರ ಮಾತ್ರ ನಡೆಯುತ್ತಿತ್ತು.

"ಯಾರೂ ಗಾಬರಿ ಆಗ್ಬೇಡಿ. ಮೋಡ ಹೋದ ಮೇಲೆ ಒಂದೊಂದೇ ತಲೆ ಒಣಗಿಸ್ತೀನಿ. ಒಂದೊಂದೇ!" ಎಂದು ಹನ್ನೆರಡು ಜನರಿಗೂ ಕೇಳುವ ಹಾಗೆ ಹೇಳಿದಳು. ಹನ್ನೆರಡು ಜನ ರೋಲರು ಸುತ್ತಿಕೊಂಡ ಒದ್ದೆ ತಲೆಯಲ್ಲಿ ಬೆವರುತ್ತ, ಕರೆಂಟ್ ಕಂಪನಿಯವರ ವಂಶವನ್ನೆಲ್ಲ ಜಾಲಾಡುತ್ತ ಕೂತರು. ಅರ್ಧ ಗಂಟೆಗೆ ಮೋಡ ಚೆದುರಿತು. ನೆರೈದಾ ಅಪ್ಪನಿಗೆ ಸೂಪು ಕುಡಿಸಲು ಒಳಗೆ ಹೋಗುತ್ತ ನನಗೆ ಹೇಳಿದಳು, "ಫಿಯೋರ್, ಸ್ವಿಚ್ಚು ಎತ್ತು. ಮೊದಲನೇ ಡ್ರೈಯರ್ ಒಂದೇ ಹಚ್ಚು."

ನಾನು ಎತ್ತಿದೆ. ದೀಪ ಹತ್ತಿತು, ಫ್ಯಾನು ತಿರುಗಿತು.

"ಕರೆಂಟ್ ಬಂತೂ!" ಎಂದು ಸುನಿಲ್ದಾ ಕಿರುಚಿದಳು.

ಈ ಕೂಗು ನಮಗೆ ಹಾಲಿನ ಜೊತೆ ಬಂದದ್ದು. ಮಾತು ಬರುವ ಮುಂಚೆಯೇ ನಮ್ಮ ಮಕ್ಕಳು ಇದನ್ನು ಕಲಿಯುತ್ತವೆ. ಒಬ್ಬರು ಕೂಗಿದರೆ ಬೀದಿಯೆಲ್ಲ ಕೂಗಬೇಕು, ಕೂಗಿದ ಕೂಡಲೇ ಕಾಲು ತಾನಾಗಿ ಓಡಬೇಕು. ಮತ್ತೆ ಹೋಗುವಷ್ಟರಲ್ಲಿ ಪಂಪು ಹಾಕಿ ತೊಟ್ಟಿ ತುಂಬಿಸಬೇಕು, ವಾಷಿಂಗ್ ಮಷೀನಿಗೆ ಬಟ್ಟೆ ಹಾಕಬೇಕು, ಇಸ್ತ್ರಿ ಹಚ್ಚಬೇಕು. ಹನ್ನೆರಡು ಜನವೂ ಚಪ್ಪಾಳೆ ತಟ್ಟಿ ಕೂಗಿದರು. ಒಬ್ಬಳು ಎರಡನೆಯ ಡ್ರೈಯರ್ ಹಚ್ಚಿದಳು, ಇನ್ನೊಬ್ಬಳು ಮೂರನೆಯದು, ಮತ್ತೊಬ್ಬಳು ಕೈ ಡ್ರೈಯರು, ಒಬ್ಬಳು ಕೂದಲು ಇಸ್ತ್ರಿ ಮಾಡುವ ಇಕ್ಕಳ. ಹಿತ್ತಲಿಗೆ ಓಡಿ ನೀರಿನ ಪಂಪಿನ ಸ್ವಿಚ್ಚು ಒತ್ತಿದ್ದು ಯಾರು ಎಂದು ನೆರೈದಾ ಆಮೇಲೆ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಇಷ್ಟು ದಿನ ನಾನೂ ಯಾರಿಗೂ ಹೇಳಿರಲಿಲ್ಲ. ಒತ್ತಿದ್ದು ನಾನು. ಅರ್ಧ ನಿಮಿಷದ ಹಿಂದೆ ನನ್ನ ಕೈಯಾರೆ ಆ ಸ್ವಿಚ್ಚು ಎತ್ತಿದ್ದೆ, ಬಂದದ್ದು ತಾರಸಿಯ ಮೇಲಿನ ಕರೆಂಟು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಕೂಗು ಕಿವಿಗೆ ಬಿದ್ದದ್ದೇ ತಡ, ಕೂಗಿಕೊಂಡೇ ಓಡಿದೆ. ಇವತ್ತಿಗೂ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಪಂಪು ಒಮ್ಮೆ ಹೂಂಕರಿಸಿತು. ನಡುಮನೆಯ ಇನ್ವರ್ಟರಿನಿಂದ ಟಪ್ ಎಂಬ ಸದ್ದು. ದೀಪ, ಫ್ಯಾನು, ಡ್ರೈಯರು ಎಲ್ಲ ಒಟ್ಟಿಗೇ ನಿಂತವು. ಹಿಂದಿನ ಕೋಣೆಯಿಂದ ಯಂತ್ರ ಕೀ ಎಂದು ಉದ್ದಕ್ಕೆ ಅರಚತೊಡಗಿತು. ಅದು ಕರೆಂಟ್ ಸಿಗದಾಗ ಮಾತ್ರ ಹಾಗೆ ಅರಚುತ್ತದೆ.

ನಾನು ಓಡಿ ಹೋಗಿ ನೋಡುವಷ್ಟರಲ್ಲಿ ನೆರೈದಾ ಸೂಪಿನ ಬಟ್ಟಲು ಕೆಳಗಿಟ್ಟು ಸಿಲಿಂಡರಿನ ಕೀಲಿ ತಿರುಗಿಸಿ ಆಗಿತ್ತು. ನಳಿಕೆ ಬದಲಾಯಿಸಿದಳು. ಅಪ್ಪನ ಎದೆ ಏರಿಳಿಯುವುದನ್ನು ನೋಡಿದಳು. ಅವರು ಕಣ್ಣು ಮುಚ್ಚಿ ಒಂದು ಬೆರಳು ಎತ್ತಿದರು, ಸರಿಯಿದೆ ಎಂದು. ಭಾನುವಾರದ ತಾಲೀಮಿನಲ್ಲಿ ಅಷ್ಟೆಲ್ಲ ಗೊಣಗಿದ್ದ ಮುದುಕ ಆಗ ಒಂದು ಚೂರೂ ಒದ್ದಾಡಲಿಲ್ಲ.

"ಇದ್ರಲ್ಲಿ ಐವತ್ತು ನಿಮಿಷ ಇದೆ. ನೀನು ಇಲ್ಲೇ ಕೂತ್ಕೋ. ಮುಖ ನೋಡ್ತಿರು" ಎಂದು ನನಗೆ ಹೇಳಿ ಹೊರಗೆ ಹೋದಳು.

ಬಾಗಿಲಿನಿಂದ ನನಗೆ ನಡುಮನೆ ಕಾಣುತ್ತಿತ್ತು. ಇನ್ವರ್ಟರಿನಲ್ಲಿ ಕೆಂಪು ದೀಪ. ಅವಳು ದಪ್ಪ ಸ್ವಿಚ್ಚು ಇಳಿಸಲು ನೋಡಿದಳು. ಅದು ಇಳಿಯಲಿಲ್ಲ. ಒಳಗೆ ಸುಟ್ಟು ಕರಗಿ ಅಂಟಿಕೊಂಡಿತ್ತು. ಇನ್ವರ್ಟರ್ ಆರಿಸಿ, ಇಪ್ಪತ್ತು ಎಣಿಸಿ ಹಚ್ಚಿದಳು. ಹತ್ತಿತು, ಟಪ್ ಎಂದು ಮತ್ತೆ ಬಿತ್ತು. "ಎಲ್ಲಾ ಸ್ವಿಚ್ಚು ಆರಿಸ್ರೇ!" ಎಂದು ಅವಳು ಕೂಗಿದ್ದಕ್ಕೆ ಹನ್ನೆರಡು ಜನ ಗಡಿಬಿಡಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕೈಗೆ ಸಿಕ್ಕ ಸ್ವಿಚ್ಚೆಲ್ಲ ಒತ್ತಿದರು. ಯಾವುದು ಹತ್ತಿತು, ಯಾವುದು ಆರಿತು ಯಾರಿಗೆ ಗೊತ್ತು? ಎರಡನೆಯ ಸಲ ಹಚ್ಚಿದಾಗಲೂ ಬಿತ್ತು. ಮೂರನೆಯ ಸಲ ಹಚ್ಚಿದಾಗಲೂ ಬಿದ್ದರೆ ಅದು ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ಬಿಚ್ಚಲು ವಾಸ್ಕರನೇ ಬರಬೇಕು. ಅವನು ಅವತ್ತು ಅಷ್ಟು ದೂರದ ರಾಜಧಾನಿ ಸಾಂತೊ ದೊಮಿಂಗೊದಲ್ಲಿದ್ದ.

ನೆರೈದಾ ಅವನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. "ವಾಸ್ಕರ್, ಪಾರ್ಲರಿನ ಸ್ವಿಚ್ಚು ಸುಟ್ಟಿದೆ. ಎರಡು ಸಲ ಹಚ್ಚಿದೆ, ಎರಡು ಸಲಾನೂ ಬಿತ್ತು. ಅಪ್ಪನಿಗೆ ಸಿಲಿಂಡರ್ ಹಚ್ಚಿದೀನಿ."

ಅವನು "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಇಂದಿಗೂ ಗೌರವ. "ಮೊದಲು ಫಲಕದ ಮೇನ್ ಇಳ್ಸಕ್ಕಾ. ಆಮೇಲೆ ಬ್ಯಾಟರೀದು. ಪೂರ್ತಿ ಸತ್ತಿದೆ ಅಂತ ನೋಡ್ಕೋ. ಪಾರ್ಲರಿಗೆ ಹೋಗೋದು ಕಪ್ಪು, ಬಿಳಿ ಎರಡು ದಪ್ಪ ವೈರು. ಬಿಚ್ಚೋಕೆ ಹೋಗ್ಬೇಡ, ಹೊತ್ತಾಗ್ತದೆ. ಒಂದೊಂದಾಗಿ ಕತ್ತರಿಸು."

ಪಾರ್ಲರಿನ ಬಾಗಿಲಲ್ಲಿ ಹನ್ನೆರಡು ರೋಲರು ತಲೆಗಳು ನೋಡುತ್ತ ನಿಂತಿದ್ದವು. ನಾಳೆ ತಾಯಂದಿರ ದಿನ. ಆ ವೈರು ಹೋದರೆ ಪಾರ್ಲರು ಹೋಯಿತು. ನೆರೈದಾ ಎರಡು ಮೇನ್ ಇಳಿಸಿದಳು. ಟೆಸ್ಟರು ಮುಟ್ಟಿಸಿ ನೋಡಿದಳು. ಕಟಿಂಗ್ ಪ್ಲೇಯರ್ ಎತ್ತಿಕೊಂಡು ಮೊದಲು ಕಪ್ಪು, ಆಮೇಲೆ ಬಿಳಿ, ರಿಬ್ಬನ್ ಕತ್ತರಿಸಿದಷ್ಟೇ ಸಲೀಸಾಗಿ ಕತ್ತರಿಸಿ ತುದಿಗಳನ್ನು ದೂರ ದೂರ ಬಗ್ಗಿಸಿದಳು. ಟೇಪು ಸುತ್ತಿದಳು. ಬ್ಯಾಟರಿ ಹಚ್ಚಿದಳು, ಫಲಕ ಹಚ್ಚಿದಳು. ಬಾಯಲ್ಲಿ ಇಪ್ಪತ್ತು ಎಣಿಸಿದಳು. ಆ ಇಪ್ಪತ್ತರಲ್ಲಿ ನಾನು ದೊನ್ ಎಲಿಹಿಯೊ ಅವರ ಕೈ ಹಿಡಿದುಕೊಂಡು ಎಲ್ಲ ದೇವರಿಗೂ ಹರಕೆ ಹೊತ್ತೆ. ಪಂಪಿನ ವಿಷಯವನ್ನು ಮಾತ್ರ ದೇವರಿಗೂ ಹೇಳಲಿಲ್ಲ.

ಹಸಿರು ದೀಪ ಹತ್ತಿತು. ಯಂತ್ರ ಅರಚುವುದನ್ನು ನಿಲ್ಲಿಸಿ ಗುರ್ರೆಂದಿತು.

ಅವಳು ಬಂದು ನಳಿಕೆ ಬದಲಾಯಿಸಿ, ಸಿಲಿಂಡರಿನ ಮುಳ್ಳು ನೋಡಿ, "ಮೂವತ್ತೊಂದು ನಿಮಿಷ ಉಳಿದಿದೆ" ಎಂದಳು. ಆಮೇಲೆ ನೆಲದ ಮೇಲೆ, ಹಾಸಿಗೆಗೆ ಬೆನ್ನು ಕೊಟ್ಟು ಕುಸಿದು ಕೂತಳು.

"ನಾನೇ ಕಟ್ಟಿಸಿದ್ದು ಅಪ್ಪಾ. ವಾಸ್ಕರ್ ಬೇಡ ಅಂದಿದ್ದ. ಕಾಯ್ತೀನಿ ಅಂದೆ, ಕಾಯ್ಲಿಲ್ಲ."

"ಕಾದೆಯಲ್ಲ. ಸೂಪು ಆರಿಹೋಯ್ತು, ಅಷ್ಟೇ" ಎಂದರು ಮುದುಕ.

ಬಾಗಿಲಲ್ಲಿ ನಿಂತಿದ್ದ ಸುನಿಲ್ದಾ ಗೊಳೋ ಎಂದು ಅತ್ತಳು. "ನನ್ನ ಬಾಯಿಗೆ ಮಣ್ಣು ಹಾಕ, ದೊನ್ ಎಲಿಹಿಯೊ! ನಾನು ನಿಮ್ಮನ್ನ ಕೊಂದೇಬಿಡ್ತಿದ್ದೆ!"

"ಸುನಿಲ್ದಾ, ನಿನ್ನ ಗಂಟಲಿಗೆ ನಾನು ಸಾಯೋದಾಗಿದ್ರೆ ಮೂವತ್ತು ವರ್ಷದ ಹಿಂದೇನೇ ಸತ್ತಿರ್ತಿದ್ದೆ. ನಾನು ಬ್ರೆಡ್ಡು ಸುಡೋವಾಗ ದಿನಾ ಬೆಳಿಗ್ಗೆ ಬೀದಿ ಆ ಕೊನೇಲಿ ನಿಂತು ಕೂಗ್ತಿದ್ಯಲ್ಲ, ನನ್ನ ಪಾಲು ತೆಗೆದಿಡು ಅಂತ."

ಅವತ್ತು ಉಳಿದ ಹೊತ್ತು ನಾವು ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಹನ್ನೆರಡು ತಲೆಗಳನ್ನೂ ಬಿಸಿಲಿಗೊಡ್ಡಿದೆವು. ಎದುರಿನ ಕಟ್ಟೆಯಲ್ಲಿ ಡಾಮಿನೋ ಆಡುತ್ತಿದ್ದ ಗಂಡಸರಿಗೆ ಹಬ್ಬ. ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ, ನಮ್ಮವರು ಕೊಟ್ಟ ಉತ್ತರಗಳನ್ನಂತೂ ಬರೆಯುವಂತೆಯೇ ಇಲ್ಲ. ಮರುದಿನ ಇಗರ್ಜಿಯಲ್ಲಿ ಯಾರು ಯಾರು ನೆರೈದಾಳ ಪಾರ್ಲರಿನಲ್ಲಿದ್ದರು ಎಂದು ಅವರ ಕೆದರಿದ ತಲೆ ನೋಡಿಯೇ ಎಲ್ಲರಿಗೂ ಗೊತ್ತಾಯಿತು. ಒಬ್ಬಳೂ ಅದಕ್ಕೆ ನಾಚಿಕೊಳ್ಳಲಿಲ್ಲ.

ಸೋಮವಾರ ವಾಸ್ಕರ್ ಹೊಸ ಸ್ವಿಚ್ಚು ತಂದ. "ಗಟ್ಟಿದು ಅಕ್ಕಾ, ಇದು ಸುಡಲ್ಲ" ಎಂದ.

"ಬೇಡ. ಸ್ವಿಚ್ಚು ಗಟ್ಟಿಯಾಗಿದ್ರೂ ನಾವು ಗಟ್ಟಿ ಇಲ್ಲ" ಎಂದಳು ನೆರೈದಾ. "ಐದು ಫಲಕ, ಬ್ಯಾಟರಿ, ಇನ್ವರ್ಟರ್ ಪೂರ್ತಿ ಅಪ್ಪಂದು. ಒಂದು ಮೊಬೈಲೂ ಅದಕ್ಕೆ ಚುಚ್ಚೋ ಹಾಗಿಲ್ಲ. ಉಳಿದ ಮೂರು ಫಲಕ ಬೇರೆ ಮಾಡಿ ಪಾರ್ಲರಿಗೆ ಕೊಡು. ಬ್ಯಾಟರಿ ಬೇಡ. ಬಿಸಿಲಿದ್ರೆ ಒಂದು ಡ್ರೈಯರ್ ನಡೀಲಿ, ಇಲ್ದಿದ್ರೆ ಇಲ್ಲ."

ಎರಡು ಡ್ರೈಯರುಗಳನ್ನು ಅಂದೇ ಮಾರಿದಳು. ಏಣಿ ತರಿಸಿ ಬಾಗಿಲ ಮೇಲಿನ ಬೋರ್ಡನ್ನು ತಾನೇ ಇಳಿಸಿದಳು. ಬೇರೆ ಬಡಾವಣೆಯವರು ಬರುವುದು ನಿಂತಿತು. ನಮ್ಮ ಬೀದಿಯವರು ಒಬ್ಬರೂ ಬಿಡಲಿಲ್ಲ. ಅವಳ ಗತ್ತೇನೂ ಕಡಿಮೆಯಾಗಲಿಲ್ಲ, ಈಗ ಇನ್ನೂ ಹೆಚ್ಚು. ಮೊದಲು ಎಲ್ಲವನ್ನೂ ನಡೆಸುತ್ತೇನೆ ಎಂಬ ಗತ್ತಿತ್ತು. ಈಗ ಒಂದೇ ಒಂದನ್ನು ನಿಲ್ಲಲು ಬಿಡುವುದಿಲ್ಲ ಎಂಬ ಗತ್ತು. ರಾತ್ರಿ ಅವಳು ಗೊರಕೆ ಹೊಡೆಯುತ್ತಾಳಂತೆ, ಅವಳಪ್ಪ ಹೇಳುತ್ತಾರೆ. ಮೊದಲೆಲ್ಲ ಅರ್ಧ ನಿದ್ದೆಯಲ್ಲಿ ಯಂತ್ರದ ಸದ್ದಿಗೆ ಕಿವಿಗೊಟ್ಟು ಮಲಗುತ್ತಿದ್ದವಳು.

ಹೊಸ ಟ್ರಾನ್ಸ್‌ಫಾರ್ಮರ್ ಬಂದು, ಕಂಪನಿಯ ಕರೆಂಟು ತನ್ನ ಹಳೆಯ ಚಾಳಿಯಂತೆ ಬಂದು ಹೋಗುವುದು ಶುರುವಾದ ಮೇಲೆ ಒಂದು ಶನಿವಾರದ ಮಾತು. ಪಾರ್ಲರು ತುಂಬಿತ್ತು. ಸುನಿಲ್ದಾಳ ತಲೆ ನನ್ನ ಕೈಯಲ್ಲಿ ನೊರೆಯಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು ತನ್ನ ಓರಗಿತ್ತಿಯ ಗಂಡ ಯಾರೊಂದಿಗೋ ಸಿಕ್ಕಿಬಿದ್ದ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದಳು. "ಓರಗಿತ್ತಿ ಬಾಗಿಲು ತಟ್ಟಿದ್ಲು, ಒಳಗಿಂದ ಅವನು ಅಂದ..." ಎನ್ನುವಷ್ಟರಲ್ಲಿ ಫ್ಯಾನು ನಿಧಾನವಾಗಿ ನಿಂತಿತು.

ಮೊದಲಾಗಿದ್ದರೆ ಕಂಪನಿಯವರ ಅಜ್ಜಿ ಮುತ್ತಜ್ಜಿಯರೆಲ್ಲ ಎದ್ದು ಬರುವಂತೆ ಬೈಗುಳ ಏಳುತ್ತಿತ್ತು. ಅವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಬಾಚಣಿಗೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಸುನಿಲ್ದಾ ನೊರೆ ತಲೆಯನ್ನೆತ್ತಿ ಹಿಂದಿನ ಬಾಗಿಲ ಕಡೆ ತಿರುಗಿ ಉಸಿರು ಬಿಗಿಹಿಡಿದಳು. ನಾನೂ ಹಿಡಿದೆ. ಹತ್ತು ಹೆಂಗಸರು ಕೂತ ಪಾರ್ಲರಿನಲ್ಲಿ ನಲ್ಲಿಯ ನೀರು ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ ಗೋಡೆಯ ಆಚೆಯಿಂದ ಯಂತ್ರದ ಗುರ್ರೆಂಬ ಸದ್ದು, ಒಂದಿಷ್ಟೂ ತಡವರಿಸದೆ ನಡೆದಿರುವುದು ಕೇಳಿಸಿತು.

ಅದರ ಹಿಂದೆಯೇ ದೊನ್ ಎಲಿಹಿಯೊ ಅವರ ದನಿ, ಉಸಿರಿಗೊಂದು ಮಾತಿನಂತೆ:

"ಇದ್ದೀನ್ರೇ, ಇದ್ದೀನಿ! ಸುನಿಲ್ದಾ, ಬಾಗಿಲು ತಟ್ಟಿದಾಗ ಅವನು ಏನಂದ? ಅದನ್ನ ಹೇಳು ಮೊದಲು!"